ಸಾಲು ಸಾಲಾಗಿ ದಿವಂಗತರು

ಹೆಂಡತಿಯ ತವರಿನವರಿಗೆ ಹಿಲ್ಮಿಯ ನೆನಪಾಗುತ್ತಿದ್ದದ್ದು ಯಾರಾದರೂ ಸತ್ತಾಗ ಮಾತ್ರ. ಮದುವೆಯ ಊಟದಲ್ಲಿ ಅವನನ್ನು ಕಂಬದ ಹಿಂದೆ ಕೂರಿಸುತ್ತಿದ್ದರು. ಮಗು ಹುಟ್ಟಿದ ಏಳನೇ ದಿನದ ಹಬ್ಬಕ್ಕೆ ಹೇಳಿಕಳಿಸಲು ಮರೆತು, ಮರುದಿನ ಒಂದು ಪೊಟ್ಟಣ ಮಿಠಾಯಿ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಆದರೆ ಆ ಬಳಗದಲ್ಲಿ ಒಂದು ಸಾವಾಯಿತೆಂದರೆ ಸಾಕು, ಅಲೆಕ್ಸಾಂಡ್ರಿಯಾದಿಂದ ತಂತಾ ಪಟ್ಟಣದವರೆಗೆ ಹರಡಿಕೊಂಡಿದ್ದ ಅಷ್ಟೂ ಜನ ಒಂದೇ ಬಾಯಲ್ಲಿ ‘ಹಿಲ್ಮಿ ಎಲ್ಲಿ?’ ಎಂದು ಕೇಳುತ್ತಿದ್ದರು. ಮರ್ಯಾದೆ ಯಾವ ಬಾಗಿಲಿಂದ ಬಂದರೂ ಮನುಷ್ಯ ಬೇಡ ಅನ್ನುವುದಿಲ್ಲ. ಹಿಲ್ಮಿಯೂ ಅನ್ನಲಿಲ್ಲ.

ಕಾರಣ, ಪತ್ರಿಕೆಯ ನಿಧನವಾರ್ತೆ. ಅದರಲ್ಲಿ ಸತ್ತವರಿಗೆ ಒಂದು ಸಾಲಾದರೆ ಉಳಿದದ್ದೆಲ್ಲ ಬಳಗದ ಮೆರವಣಿಗೆ. ಇಂಥ ಡಾಕ್ಟರ ತಂದೆ, ಇಂಥ ಇಂಜಿನಿಯರರ ಮಾವ, ಬಂದರಿನ ಸುಂಕದ ಕಚೇರಿಯಲ್ಲಿರುವ ಇಂಥವರ ಭಾವ, ದಿವಂಗತ ಇಂಥವರ ಷಡ್ಡಕ. ಒಂದು ಹೆಸರು ಬಿಟ್ಟುಹೋದರೆ, ಒಂದು ಬಿರುದು ತಪ್ಪಿದರೆ, ಮಣ್ಣಿಗೆ ಹೋದವರೇನೋ ಹೋದರು, ಇಲ್ಲಿ ಎರಡು ಮನೆಗಳು ಮಾತು ಬಿಡುತ್ತವೆ. ಹತ್ತಿ ಕಂಪನಿಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹಿಲ್ಮಿ ಈ ಮಹಾಸಂಕಟಕ್ಕೆ ಒಂದು ಮದ್ದು ಕಂಡುಹಿಡಿದಿದ್ದ. ಮನೆಯ ಹಳೇ ಯಂತ್ರದಲ್ಲಿ ಒಂದು ಕಡತ ತೆರೆದು ಇಡೀ ಬಳಗವನ್ನು ಅದರೊಳಗೆ ಇಳಿಸಿದ್ದ. ತಲೆಗೊಂದು ಸಾಲು, ಯಾರ ಮಗ, ಯಾರ ತಂದೆ ಎಂಬುದೂ ಅದರಲ್ಲೇ. ಯಾರಾದರೂ ಸತ್ತರೆ ಸೆಡ್ ಎಂಬ ಪುಟ್ಟ ಅಪ್ಪಣೆಯೊಂದನ್ನು ಕರೆದು, ‘ಇಂಥ ಹೆಸರಿರುವ ಸಾಲನ್ನು ಹುಡುಕು, ಆ ಹೆಸರಿನ ಹಿಂದೆ ದಿವಂಗತ ಎಂದು ಸೇರಿಸು’ ಎಂದು ಕಪ್ಪು ಪರದೆಯ ಮೇಲೆ ಒಂದೇ ಸಾಲು ಬರೆಯುತ್ತಿದ್ದ. ಎಂಟರ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಆ ಸಾಲುಗಳನ್ನೇ ಅಚ್ಚು ಹಾಕಿಸಿ ಪತ್ರಿಕೆಗೆ ಕೊಡುತ್ತಿದ್ದ. ಮೌಸ್ ಹಿಡಿಯುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಇಲಿ ಹಿಡಿಯೋದು ಬೆಕ್ಕಿನ ಕೆಲಸ ಎನ್ನುತ್ತಿದ್ದ.

“ಒಂದೇ ಸಾಲು ಇನಾಯತ್, ಸಾವಿರ ಕಡೆ ತಿದ್ದುಪಡಿ,” ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸುತ್ತಿದ್ದ.

“ಅಡುಗೆಮನೆ ನಲ್ಲಿ ಹೋದ ಬಕ್ರೀದಿನಿಂದ ಸೋರ್ತಾ ಇದೆ ಅಬು ಮಹ್ರೂಸ್. ಅದಕ್ಕೂ ಒಂದು ಸಾಲು ಬರೆದು ಎಂಟರ್ ಒತ್ತು,” ಎನ್ನುತ್ತಿದ್ದಳು ಇನಾಯತ್.

ಅಬು ಮಹ್ರೂಸ್ ಎಂದರೆ ಮಹ್ರೂಸನ ಅಪ್ಪ. ಅವಳು ಉಮ್ ಮಹ್ರೂಸ್, ಮಹ್ರೂಸನ ಅಮ್ಮ. ಹಿರಿಮಗ ಹುಟ್ಟಿದ ಮೇಲೆ ಬೀದಿಯಲ್ಲಿ ಅವರಿಬ್ಬರ ಸ್ವಂತ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಆ ಮಗನಿಗೆ ಇಟ್ಟಿದ್ದು ಅವನ ಸೋದರಮಾವನ ಹೆಸರು, ಇನಾಯತಳ ಅಣ್ಣ ಮಹ್ರೂಸನದು. ಅಣ್ಣ ಅಲೆಕ್ಸಾಂಡ್ರಿಯಾದ ಅದೇ ಕಟ್ಟಡದಲ್ಲಿ ಇವರಿಗಿಂತ ಒಂದು ಮಹಡಿ ಕೆಳಗೆ ಮಗ ಸಾಬಿರನ ಜೊತೆ ಇದ್ದ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು, ಹೆಂಡತಿಯನ್ನು ಕಳೆದುಕೊಂಡವನು. ದಿನಾ ಸಂಜೆ ಪಗಡೆಯ ಹಲಗೆ ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಹತ್ತಿ ಬರುತ್ತಿದ್ದ. ಬರುವಾಗ ಮೆಟ್ಟಿಲ ಗೋಡೆಯ ಬಿರುಕನ್ನು ನೋಡಿಯೇ ಬರುತ್ತಿದ್ದ. ಆ ಬಿರುಕಿಗೆ ಅಡ್ಡಲಾಗಿ ಅವನೇ ಜಿಪ್ಸಂ ಮುದ್ದೆ ಮೆತ್ತಿದ್ದ, ಅದು ಒಡೆದರೆ ಗೋಡೆ ಸರಿಯುತ್ತಿದೆ ಎಂದು ತಿಳಿಯಲಿ ಅಂತ. “ಇವತ್ತೂ ಬೀಳಲ್ಲ, ಹಾಕು ದಾಳ,” ಎನ್ನುತ್ತ ಕೂರುವುದು ಅವನ ವಾಡಿಕೆ.

ಹಿಲ್ಮಿ ತನ್ನ ವಿದ್ಯೆಯ ಬಗ್ಗೆ ಮಾತಾಡಿದರೆ ಆ ಬಳಗದಲ್ಲಿ ಎದ್ದುಹೋಗದೆ ಕೇಳುತ್ತಿದ್ದವನು ಮಹ್ರೂಸ್ ಒಬ್ಬನೇ. ಒಮ್ಮೆ ಪರದೆಯ ಹತ್ತಿರ ಬಗ್ಗಿ, “ಹೆಸರಿನ ಹಿಂದೆ ಈ ಟೊಪ್ಪಿಗೆ ಥರ ಇದೆಯಲ್ಲ, ಅದೇನು?” ಎಂದು ಕೇಳಿದ್ದ.

“ಅದಿದ್ರೆ ಸಾಲು ಆ ಹೆಸರಿನಿಂದಲೇ ಶುರುವಾಗಿರಬೇಕು ಅಂತ ಅರ್ಥ. ಟೊಪ್ಪಿಗೆ ಹಾಕದಿದ್ರೆ ಆ ಹೆಸರು ಸಾಲಿನ ಹೊಟ್ಟೆಯಲ್ಲಿ ಎಲ್ಲಿದ್ರೂ ಹಿಡಿಯತ್ತೆ. ನಿನ್ನ ಮಗ ಸಾಬಿರ್ ಮಹ್ರೂಸ್ ಅಲ್ವಾ? ಅಪ್ಪನ ಹೆಸರು ಜೊತೆಗೇ ಇದೆ. ಅವನೂ ಸಿಕ್ಕಿಬೀಳ್ತಾನೆ. ನಾನು ನಿನ್ನ ಹೆಸರಿನವನ ಅಪ್ಪ, ನಾನೂ ಸಿಕ್ಕಿಬೀಳ್ತೀನಿ.”

ಮಹ್ರೂಸ್ ಹೊಟ್ಟೆ ಹಿಡಿದು ನಕ್ಕಿದ್ದ. “ಹಾಗಾದ್ರೆ ನಾನು ಸತ್ತ ದಿನ ಟೊಪ್ಪಿಗೆ ಮರೆತುಬಿಡು. ದಾರಿಯಲ್ಲಿ ಬೇಜಾರಾಗಲ್ಲ.”

ಅವನಿಗಿದ್ದ ಚಿಂತೆ ಗೋಡೆಯ ಬಿರುಕಿನದಲ್ಲ, ತಂಗಿಯರದು. ತಂತಾದಲ್ಲಿದ್ದ ದೊಡ್ಡ ತಂಗಿ ಫಿಕ್ರಿಯಾ ಇನಾಯತಳ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಾಯಿ ಕೊನೆಯ ದಿನಗಳನ್ನು ಇನಾಯತಳ ಮನೆಯಲ್ಲಿ ಕಳೆದಿದ್ದರು. ‘ಫಿಕ್ರಿಯಾಗೆ ಹೇಳಬೇಡ, ಗಾಬರಿಯಾಗ್ತಾಳೆ, ಅವಳ ಮಗಳ ಪರೀಕ್ಷೆ ಇದೆ’ ಎಂದು ತಾಯಿಯೇ ತಡೆದರು. ಇವಳು ಇಂದು ನಾಳೆ ಎನ್ನುವಷ್ಟರಲ್ಲಿ ಅವರು ಹೋಗಿಬಿಟ್ಟರು. ಬೆಳಿಗ್ಗೆ ಹೋದವರನ್ನು ಮಧ್ಯಾಹ್ನದ ನಮಾಜಿಗೆ ಮಣ್ಣು ಮಾಡುವ ಜನ ಇವರು. ಫಿಕ್ರಿಯಾ ರೈಲು ಇಳಿದು ಬರುವಷ್ಟರಲ್ಲಿ ಗೋರಿ ಮುಚ್ಚಿ ನೀರು ಚಿಮುಕಿಸಿ ಆಗಿತ್ತು. ಅವಳು ಆ ಮೆಟ್ಟಿಲಿನ ಬುಡದಲ್ಲೇ ನಿಂತು, ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ, “ಇನಾಯತ್, ನನ್ನ ಅಮ್ಮನ ಮುಖ ನನಗೆ ತೋರಿಸಲಿಲ್ಲ ನೀನು. ಇನ್ನು ಈ ಮೆಟ್ಟಿಲು ಹತ್ತೋದು ನಿನ್ನ ಸಾವಿಗೇ,” ಎಂದು ಹೇಳಿ ಹೊರಟುಹೋಗಿದ್ದಳು.

ಅಂದಿನಿಂದ ಮಹ್ರೂಸನೇ ಇಬ್ಬರ ನಡುವಿನ ಟಪಾಲು. ಆಗಾಗ ತಂತಾಕ್ಕೆ ಹೋಗುವಾಗ ಇನಾಯತ್ ಹಾಕಿದ ನಿಂಬೆ ಉಪ್ಪಿನಕಾಯಿ ಒಯ್ದು, ಅಂಗಡಿಯಲ್ಲಿ ಕೊಂಡೆ ಎಂದು ಹೇಳಿ ಕೊಡುತ್ತಿದ್ದ. ಫಿಕ್ರಿಯಾ ತಿಂದು, “ಉಪ್ಪು ಜಾಸ್ತಿ. ಆ ಇನಾಯತಳೂ ಹೀಗೇ ಹಾಕ್ತಾಳೆ,” ಎಂದು ಇನ್ನೊಂದು ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ವಾಪಸು ಬರುವಾಗ ಅವಳು ಕೊಟ್ಟ ಕಡಲೆ ಮಿಠಾಯಿ ತಂದು, ನಿಲ್ದಾಣದಲ್ಲಿ ಕೊಂಡೆ ಎನ್ನುತ್ತಿದ್ದ. ಇನಾಯತ್ ಏನೂ ಕೇಳದೆ ಅದನ್ನು ಬೀರುವಿನಲ್ಲಿ ಇಟ್ಟು, ಒಬ್ಬಳೇ ಇದ್ದಾಗ ತಿನ್ನುತ್ತಿದ್ದಳು. ಇಬ್ಬರಿಗೂ ಎಲ್ಲ ಗೊತ್ತಿತ್ತು, ಒಪ್ಪಿಕೊಳ್ಳುವ ಬುದ್ಧಿ ಮಾತ್ರ ಒಬ್ಬಳಿಗೂ ಇರಲಿಲ್ಲ.

ಒಂದು ಸಂಜೆ ಆಟ ಗೆದ್ದು ಹಲಗೆ ಮಡಚುತ್ತ ಮಹ್ರೂಸ್ ಕೇಳಿದ, “ಹಿಲ್ಮಿ, ಆ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸೋಕೆ ಯಾವ ಸಾಲು ಬರೀಬೇಕು?”

“ಅಂಥ ಅಪ್ಪಣೆ ಇಲ್ಲ,” ಎಂದ ಹಿಲ್ಮಿ. ಸೋತ ಸಿಟ್ಟಿನಲ್ಲಿ ಮುಖ ಎತ್ತಿಯೂ ನೋಡಲಿಲ್ಲ.

ಮರುದಿನ ಬೆಳಗಿನ ಜಾವ ಮಹ್ರೂಸ್ ನಿದ್ದೆಯಲ್ಲೇ ಹೋಗಿಬಿಟ್ಟ. ಅವನ ಸಾವೂ ಅವನ ಹಾಗೇ, ಯಾರಿಗೂ ತೊಂದರೆ ಕೊಡಲಿಲ್ಲ. ಹಿಲ್ಮಿ ಅವನನ್ನು ಹೊತ್ತವರ ಜೊತೆ ಹೆಗಲು ಕೊಟ್ಟು ಗೋರಿಯವರೆಗೆ ಹೋಗಿ ಬಂದು, ಅಭ್ಯಾಸಬಲದಿಂದ ಇಬ್ಬರು ಕೂರುವ ಜಾಗದಲ್ಲಿ ಮೇಜು ಸರಿಮಾಡಿ ನಿಂತ. ಆಮೇಲೆ ಅಲ್ಲೇ ಕೂತು ಅತ್ತ. ಐವತ್ತು ದಾಟಿದ ಗಂಡಸು, ಮೂಗು ಒರೆಸಿಕೊಳ್ಳಲು ಮೇಜಿನ ಹೊದಿಕೆಯನ್ನೇ ಎಳೆದುಕೊಂಡ.

ಇನಾಯತಳಿಗೆ ಅಣ್ಣನ ಸಾವಿನ ಜೊತೆಗೆ ಇನ್ನೊಂದು ಕೊರಗು. ಸಾಬಿರ್ ಬೆಳಿಗ್ಗೆಯೇ ತಂತಾಕ್ಕೆ ಫೋನ್ ಮಾಡಿದ್ದ. ಅತ್ತೆ, ‘ನನ್ನ ಅಣ್ಣನಿಗೆ ನಾನು ಇಲ್ಲೇ ಅಳ್ತೀನಿ ಕಂದಾ. ಆ ಮೆಟ್ಟಿಲು ನಾನು ಹತ್ತೋ ಹಾಗಿಲ್ಲ’ ಎಂದು ಇಟ್ಟುಬಿಟ್ಟಳಂತೆ.

“ನಿಧನವಾರ್ತೆ ಚೆನ್ನಾಗಿ ಬರಲಿ ಅಬು ಮಹ್ರೂಸ್,” ಎಂದಳು ಇನಾಯತ್ ಸಂಜೆ. ಅತ್ತು ಅತ್ತು ಅವಳ ದನಿ ಹೋಗಿತ್ತು. “ಅಕ್ಕ ಬೆಳಿಗ್ಗೆ ಚಹಾ ಕುಡಿಯುವಾಗ ಮೊದಲು ಓದೋದೇ ಆ ಪುಟ. ಅವಳ ಹೆಸರು ನನ್ನ ಹೆಸರಿಗಿಂತ ಮೇಲೆ ಹಾಕು. ಅಣ್ಣನ ಹೆಸರು, ಅವಳ ಹೆಸರು, ಆಮೇಲೆ ನನ್ನದು. ಅದನ್ನ ನೋಡಿಯಾದ್ರೂ ಮನಸ್ಸು ಕರಗಿ ಬರ್ತಾಳೇನೋ. ಮೂರು ದಿನದೊಳಗೆ ಬರದಿದ್ರೆ ಅವಳು ಇನ್ನು ಬರೋದೇ ಇಲ್ಲ.”

“ಬರ್ತಾಳೆ. ನಾನು ಬರೆದ ವಾರ್ತೆಯಲ್ಲಿ ಇವತ್ತಿನವರೆಗೆ ಒಂದು ತಪ್ಪು ಬಂದಿದೆಯಾ?”

“ಕೊಡೋ ಮುಂಚೆ ಒಂದ್ಸಲ ನನಗೆ ಓದಿ ಹೇಳು.”

“ಯಂತ್ರ ಮಾಡಿದ್ದನ್ನ ಓದೋದೇನಿದೆ?” ಎಂದು ಹಿಲ್ಮಿ ಕಪ್ಪು ಪರದೆಯ ಮುಂದೆ ಕೂತ.

ಮಹ್ರೂಸನ ಹೆಸರು ಬರೆದ, ಹಿಂದೆ ಟೊಪ್ಪಿಗೆ ಹಾಕಿದ, ದಿವಂಗತ ಎಂದು ಸೇರಿಸಲು ಹೇಳಿದ, ಎಂಟರ್ ಒತ್ತಿದ. ಕಡತ ತೆರೆದು ನೋಡಿದರೆ ಮಹ್ರೂಸ್ ಹಾಗೇ ಬದುಕಿದ್ದ. ಇನ್ನೊಮ್ಮೆ ಒತ್ತಿದ. ಮಹ್ರೂಸ್ ಸಾಯಲು ಒಪ್ಪಲಿಲ್ಲ. ತಪ್ಪು ಎಲ್ಲಿದೆ ಎಂದು ನೆಟ್ಟಗಿದ್ದ ದಿನವಾದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಹೋದ ರಂಜಾನಿನಲ್ಲಿ ಬಳಗದ ವಕೀಲನೊಬ್ಬ ತನ್ನ ಬಿರುದು ಹೆಸರಿಗಿಂತ ಮೊದಲು ಬರಬೇಕು, ಆಮೇಲೆ ಅಲ್ಲ ಎಂದು ರಂಪ ಮಾಡಿದ್ದ. ಆಗ ಹಿಲ್ಮಿ ಒಂದೇ ಅಪ್ಪಣೆಯಲ್ಲಿ ಎಲ್ಲರ ಬಿರುದನ್ನೂ ಸಾಲಿನ ಮೊದಲಿಗೆ ತಂದಿದ್ದ. ಹಾಗಾಗಿ ಮಹ್ರೂಸನ ಸಾಲು ಈಗ ‘ಉಸ್ತಾದ್’ ಎಂಬ ಬಿರುದಿನಿಂದ ಶುರುವಾಗುತ್ತಿತ್ತು. ಟೊಪ್ಪಿಗೆ ಹಾಕಿ ಹುಡುಕಿದರೆ ಮಹ್ರೂಸ್ ಸಿಗುವುದಾದರೂ ಹೇಗೆ? ಆದರೆ ಅದನ್ನೆಲ್ಲ ಯೋಚಿಸುವ ತಲೆ ಅವತ್ತು ಅವನ ಹೆಗಲ ಮೇಲಿರಲಿಲ್ಲ. ಪತ್ರಿಕೆಯ ಜಾಹೀರಾತು ಕಚೇರಿ ಮುಚ್ಚುವ ಹೊತ್ತಾಗಿತ್ತು. ಹಿಲ್ಮಿ ಟೊಪ್ಪಿಗೆ ತೆಗೆದು ಎಂಟರ್ ಒತ್ತಿದ.

ಈ ಬಾರಿ ಮೊದಲ ಪುಟದ ನಡುವೆಯೇ ಕಂಡಿತು: ‘ಉಸ್ತಾದ್ ದಿವಂಗತ ಮಹ್ರೂಸ್.’

ಅದಕ್ಕಿಂತ ಕೆಳಗೆ ಅವನಿಗೆ ಓದಲಾಗಲಿಲ್ಲ. ನಿಜ ಹೇಳಬೇಕೆಂದರೆ ಸೊಕ್ಕಿಗೆ ಬಿಟ್ಟದ್ದಲ್ಲ ಅದು. ಆ ಎರಡು ಪದ ಅಕ್ಕಪಕ್ಕ ಇದ್ದದ್ದನ್ನು ನೋಡಿ ಕಣ್ಣು ಮಂಜಾಗಿ, ಅಚ್ಚು ಹಾಕಿಸಿ, ಮಡಚಿ, ಜೇಬಿಗೆ ತುರುಕಿಕೊಂಡು ಓಡಿದ. ಕಚೇರಿಯ ಗುಮಾಸ್ತನೂ ಕಣ್ಣಾಡಿಸಿದ. ದಿವಂಗತರು ಸ್ವಲ್ಪ ಜಾಸ್ತಿ ಇದ್ದರು. ಆದರೆ ಹಳೇ ಮನೆತನಗಳಲ್ಲಿ ದಿವಂಗತರು ಜಾಸ್ತಿಯೇ ಇರುವುದು. “ಕೊಡುತ್ತಿರುವವರು ಯಾರು?” ಎಂದು ಕೇಳಿದ. ಹಿಲ್ಮಿ ಕೆಳಗೆ ತನ್ನ ಪೂರ್ತಿ ಹೆಸರು ಬರೆದು ರುಜು ಹಾಕಿದ.

ಮರುದಿನ ಬೆಳಿಗ್ಗೆ ಸಾಂತ್ವನ ಹೇಳಲು ಬರುವ ಹೆಂಗಸರಿಗೆ ಕುರ್ಚಿ ಜೋಡಿಸುತ್ತಿದ್ದಾಗ ಫೋನ್ ಬಡಿದುಕೊಂಡಿತು. ಆ ಕಡೆ ಹತ್ತಿ ಕಂಪನಿಯ ಬಯೂಮಿ, ಪಕ್ಕದ ಮೇಜಿನವನು.

“ಉಳಿದ ಆಯಸ್ಸು ನಿಮ್ಮ ಪಾಲಿಗಿರಲಿ,” ಎಂದು ಬಯೂಮಿ ಭಾರವಾದ ದನಿಯಲ್ಲಿ ಸಂತಾಪ ಹೇಳಿದ. “ನೀವು ಅವರಿಗೆ ಏನಾಗಬೇಕು?”

“ಹತ್ತಿರದವನು,” ಎಂದ ಹಿಲ್ಮಿ. ಗಂಟಲು ಕಟ್ಟಿದ್ದರಿಂದ ಅವನ ದನಿ ಅವನಿಗೇ ಗುರುತು ಹತ್ತುವಂತಿರಲಿಲ್ಲ. “ತುಂಬಾ ಒಳ್ಳೇ ಮನುಷ್ಯ.”

“ಒಳ್ಳೆಯವರೇ,” ಎಂದ ಬಯೂಮಿ. “ಬೈಗುಳ ಜಾಸ್ತಿ, ಆದ್ರೆ ಒಳ್ಳೆಯವರು. ತಾನೊಬ್ಬನೇ ಬುದ್ಧಿವಂತ ಅನ್ನೋ ಭ್ರಮೆ ಒಂದು ಬಿಟ್ರೆ ಯಾರಿಗೂ ಕೇಡು ಬಯಸಿದವರಲ್ಲ. ಇಂಥ ಹೊತ್ತಲ್ಲಿ ಕೇಳಬಾರದು, ಆದ್ರೂ ಕೇಳ್ತೀನಿ. ಆಫೀಸಿನ ಕಂಪ್ಯೂಟರಿನ ಪಾಸ್‌ವರ್ಡ್ ಎಲ್ಲಾದ್ರೂ ಬರೆದಿಟ್ಟು ಹೋಗಿದ್ದಾರಾ?”

“ಮಹ್ರೂಸ್ ಹತ್ತಿರ ನಮ್ಮ ಆಫೀಸಿನ ಪಾಸ್‌ವರ್ಡ್ ಯಾಕಿರತ್ತೆ?”

“ಮಹ್ರೂಸ್ ಯಾರು? ನಾನು ಉಸ್ತಾದ್ ಹಿಲ್ಮಿ ವಿಷಯ ಹೇಳ್ತಿರೋದು.”

ಹಿಲ್ಮಿ ಫೋನ್ ಇಟ್ಟು ಪತ್ರಿಕೆ ಬಿಡಿಸಿದ. ಅದರೊಳಗೆ ಇಡೀ ಕಟ್ಟಡ ಸತ್ತುಬಿದ್ದಿತ್ತು. ಅವನು ಕೊಟ್ಟ ಹಾಳೆಯಲ್ಲಿ ಇದ್ದದ್ದು ಹೀಗೆ: ದಿವಂಗತ ಮಹ್ರೂಸ್. ಅವನ ಮಗ ಸಾಬಿರ್ ದಿವಂಗತ ಮಹ್ರೂಸ್. ತಂಗಿ ಇನಾಯತ್, ದಿವಂಗತ ಮಹ್ರೂಸನ ತಾಯಿ. ಭಾವ ಹಿಲ್ಮಿ, ದಿವಂಗತ ಮಹ್ರೂಸನ ತಂದೆ. ಇಷ್ಟೇ ಆಗಿದ್ದರೆ ಓದುವವರು ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ಆದರೆ ಪತ್ರಿಕೆಯಲ್ಲಿ ಅಚ್ಚಿಗೆ ಜೋಡಿಸುವ ಪುಣ್ಯಾತ್ಮನೊಬ್ಬ, ದಿವಂಗತ ಎಂಬುದು ಸಾಲಿನ ನಡುವೆ ಇದ್ದರೆ ಚೆನ್ನಲ್ಲ ಎಂದು ಅಂದವಾಗಿ ಎಲ್ಲವನ್ನೂ ಸಾಲಿನ ಮೊದಲಿಗೆ ತಂದುಕೊಟ್ಟಿದ್ದ. ದಿವಂಗತ ಸಾಬಿರ್. ದಿವಂಗತ ಇನಾಯತ್. ದಿವಂಗತ ಹಿಲ್ಮಿ. ಅವರ ಮಗ, ದಿವಂಗತ ಮಹ್ರೂಸ್ ಹಿಲ್ಮಿ. (ಸತ್ತ ಹಿಲ್ಮಿಯೇ ಕಚೇರಿಗೆ ಬಂದು ತನ್ನ ಸಾವಿಗೆ ರುಜು ಹಾಕಿ ಹೋದದ್ದು ಆ ಪತ್ರಿಕೆಯ ಇತಿಹಾಸದಲ್ಲೇ ಮೊದಲಿರಬೇಕು.) ಮಹ್ರೂಸನ ತಂದೆ ತಾಯಿ ಮೊದಲೇ ದಿವಂಗತರು. ಆ ಮನೆಯ ಮಕ್ಕಳಲ್ಲಿ ದಿವಂಗತ ಇಲ್ಲದೆ ನಿಂತಿದ್ದ ಹೆಸರು ಒಂದೇ ಒಂದು: ಶ್ರೀಮತಿ ಫಿಕ್ರಿಯಾ, ತಂತಾ.

ಅಷ್ಟರಲ್ಲಿ ಬಾಗಿಲು ಕಾಯುವ ಇದ್ರೀಸ್ ಏದುಸಿರು ಬಿಡುತ್ತ ಮೇಲೆ ಬಂದ. “ಅಬು ಮಹ್ರೂಸ್, ಕೆಳಗೆ ಜನ ಸೇರಿದ್ದಾರೆ. ಕಟ್ಟಡ ಯಾವಾಗ ಬಿತ್ತು ಅಂತ ಕೇಳ್ತಿದಾರೆ. ಬಿದ್ದಿಲ್ಲ ಅಂದ್ರೆ ನಂಬ್ತಿಲ್ಲ. ಪತ್ರಿಕೆಯಲ್ಲಿ ಬಂದಿದೆ ಅಂತಾರೆ.”

ಇನಾಯತ್ ಹಿಲ್ಮಿಯ ಕೈಯಿಂದ ಪತ್ರಿಕೆ ತೆಗೆದುಕೊಂಡು ನಿಧಾನವಾಗಿ, ಬೆರಳಿಟ್ಟು ಓದಿದಳು. ಅವನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಓದಿ ಹೇಳು ಅಂದಿದ್ದೆ,” ಎಂದಳು ಅಷ್ಟೇ. ಆಮೇಲೆ, “ನನ್ನ ಅಣ್ಣ ಬದುಕಿದ್ದಾಗ ಯಾರ ಬಾಯಿಗೂ ಬಿದ್ದವನಲ್ಲ. ಅವನ ಸಾವನ್ನ ಬೀದಿಯವರು ನಗೋ ಹಾಗೆ ಮಾಡಿಬಿಟ್ಟೆ ನೀನು,” ಎಂದಳು. ಪತ್ರಿಕೆ ಮಡಚುತ್ತ, “ಅಕ್ಕ ಇದನ್ನ ಓದಿರ್ತಾಳೆ. ತನ್ನ ಬಾಯಿಂದ ಬಂದದ್ದು ನಿಜವಾಯ್ತು ಅಂದ್ಕೊಂಡಿರ್ತಾಳೆ. ಫೋನ್ ಮಾಡು.”

ಹಿಲ್ಮಿ ತಂತಾಕ್ಕೆ ಫೋನ್ ಮಾಡಿದ. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದ. ಕೊನೆಗೆ ಇನಾಯತ್ ತಾನೇ ಫೋನ್ ಕಿವಿಗೆ ಹಿಡಿದು ಆ ಗಂಟೆಯ ಸದ್ದನ್ನು ಕೇಳುತ್ತ ಕೂತಳು.

“ಬಿಡು. ನಾನು ಸತ್ತ ದಿನವೂ ನನ್ನ ಮನೆಯ ಫೋನು ಅವಳಿಗೆ ಬೇಡ,” ಎಂದು ಎದ್ದು ಒಳಗೆ ಹೋದಳು.

ಹಿಲ್ಮಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಪತ್ರಿಕೆಯ ಪ್ರಕಾರ ಅದು ಆಗಲೇ ಬಾಯಿ ಬಿಟ್ಟು ಅವನನ್ನು ನುಂಗಿಯೂ ಆಗಿತ್ತು.

ಆ ಬೆಳಗ್ಗೆ ಆ ಮನೆಗೆ ಬಂದವರ ಪಾಡು ಹೇಳತೀರದು. ಮೆಟ್ಟಿಲು ಹತ್ತುತ್ತಲೇ ‘ಅಯ್ಯೋ ಇನಾಯತ್’ ಎಂದು ಗೋಳಾಡುತ್ತ ಬಂದವರಿಗೆ ಇನಾಯತಳೇ ಬಾಗಿಲು ತೆರೆದು ಸಕ್ಕರೆಯಿಲ್ಲದ ಕಾಫಿ ಕೊಡುತ್ತಿದ್ದಳು. ಕಾಫಿ ಕೈಯಲ್ಲಿ ಹಿಡಿದುಕೊಂಡು ಯಾರಿಗಾಗಿ ಅಳಬೇಕೆಂದು ತಿಳಿಯದೆ ಅವರು ಹಿಲ್ಮಿಯನ್ನು ಕೆಕ್ಕರಿಸಿ ನೋಡುತ್ತಿದ್ದರು. ಒಬ್ಬಾಕೆಯಂತೂ ಅತ್ತದ್ದು ದಂಡವಾಯಿತು ಎಂದು ಮುಖ ದಪ್ಪ ಮಾಡಿಕೊಂಡೇ ಹೋದಳು. ಸಾಬಿರ್ ಮತ್ತು ಚಿಕ್ಕ ಮಹ್ರೂಸ್ ಬೀದಿಯಲ್ಲಿ ನಿಂತು ಬಂದವರಿಗೆಲ್ಲ ತಾವು ಬದುಕಿದ್ದೇವೆ ಎಂದು ತೋರಿಸುವ ಕೆಲಸ ಹಚ್ಚಿಕೊಂಡಿದ್ದರು.

ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಕೆಳಗೆ ಒಂದು ಬಾಡಿಗೆ ಕಾರು ನಿಂತಿತು. ಅದರಿಂದ ಒಬ್ಬ ದಪ್ಪ ಹೆಂಗಸು ಇಳಿದು ಕಟ್ಟಡವನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು. ಯಾರ ಮಾತನ್ನೂ ಕೇಳಿಸಿಕೊಳ್ಳದೆ ಮೆಟ್ಟಿಲು ಹತ್ತತೊಡಗಿದಳು. ಮಂಡಿ ನೋವಿನವಳು, ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಬಿರುಕಿನ ಹತ್ತಿರ ನಿಂತು ಜಿಪ್ಸಂ ಮುದ್ದೆಯನ್ನು ಮುಟ್ಟಿ ನೋಡಿದಳು. ಅದು ಒಡೆದಿರಲಿಲ್ಲ. ಅವಳ ಒಂದು ಕಾಲಲ್ಲಿ ಮನೆಯೊಳಗಿನ ಚಪ್ಪಲಿ, ಇನ್ನೊಂದರಲ್ಲಿ ಬಚ್ಚಲಿನದು.

ಬಾಗಿಲು ತೆರೆದವಳು ಇನಾಯತ್.

ಒಳಗಿದ್ದ ಹೆಂಗಸರ ಕಾಫಿ ಹೀರುವ ಸದ್ದು ನಿಂತಿತು.

“ಬದುಕಿದ್ದೀಯಾ?” ಎಂದಳು ಫಿಕ್ರಿಯಾ.

“ಬದುಕಿದ್ದೀನಿ ಅಕ್ಕಾ.”

“ಹಾಗಾದ್ರೆ ನಾನು ಹತ್ತಬಾರದಿತ್ತು.” ಫಿಕ್ರಿಯಾ ಹಿಂದಕ್ಕೆ ತಿರುಗಿದಳು.

ಇನಾಯತ್ ಅವಳ ತೋಳು ಹಿಡಿದುಕೊಂಡಳು. “ಹತ್ತಿ ಆಯ್ತಲ್ಲ.”

“ಇಳೀತೀನಿ.”

“ಆ ಮಂಡಿ ಇಟ್ಕೊಂಡು ಹೇಗೆ ಇಳೀತೀಯ?”

ಫಿಕ್ರಿಯಾ ಮೆಟ್ಟಿಲುಗಳನ್ನು ಒಮ್ಮೆ ನೋಡಿದಳು. “ಪತ್ರಿಕೆ ಓದ್ತಾ ಓದ್ತಾ ಕೆಳಗಿನ ಸಾಲುಗಳಿಗೆ ಬಂದೆ. ಅಪ್ಪ ಇಲ್ಲ, ಅಮ್ಮ ಇಲ್ಲ, ಅಣ್ಣ ಇಲ್ಲ, ನೀನೂ ಇಲ್ಲ, ಮಕ್ಕಳೂ ಇಲ್ಲ. ನಾನೊಬ್ಬಳೇ ಉಳಿದಿದ್ದೀನಿ. ಇಷ್ಟು ವರ್ಷ ಆ ಸಿಟ್ಟು ಹೊತ್ಕೊಂಡು ತಿರುಗಿದೆನಲ್ಲ ಇನಾಯತ್, ನೀನೇ ಇಲ್ಲದ ಮೇಲೆ ಅದನ್ನ ಯಾರ ಮೇಲೆ ಇಟ್ಕೊಳ್ಳಲಿ ಅನಿಸ್ತು. ಇಡೋಕೆ ಜಾಗವೇ ಇರಲಿಲ್ಲ.”

“ಅಮ್ಮನೇ ಹೇಳಬೇಡ ಅಂದಿದ್ಳು ಅಕ್ಕಾ.”

“ಗೊತ್ತು. ಅಣ್ಣ ಬಂದಾಗೆಲ್ಲ ಅದನ್ನೇ ಹೇಳ್ತಿದ್ದ. ಆದ್ರೂ ನೀನು ಹೇಳಬೇಕಿತ್ತು.”

“ಹೇಳಬೇಕಿತ್ತು,” ಎಂದಳು ಇನಾಯತ್.

ಆಮೇಲೆ ಇಬ್ಬರೂ ಹೊಸ್ತಿಲ ಮೇಲೆಯೇ ಕುಸಿದು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಣ್ಣನಿಗಾಗಿ ಅತ್ತರು. ಒಬ್ಬಳು ಅವನ ನಿಂಬೆ ಉಪ್ಪಿನಕಾಯಿಯ ಸುಳ್ಳನ್ನು ನೆನೆದರೆ ಇನ್ನೊಬ್ಬಳು ಕಡಲೆ ಮಿಠಾಯಿಯ ಸುಳ್ಳನ್ನು ನೆನೆದಳು. ಬಾಗಿಲ ಹಿಂದೆ ನಿಂತಿದ್ದ ಹಿಲ್ಮಿಗೆ, ಯಾವ ಸಾಲು ಬರೀಬೇಕು ಎಂದು ಮಹ್ರೂಸ್ ಕೇಳಿದ್ದು ನೆನಪಾಯಿತು. ಅವನಿಗೆ ಆ ಉತ್ತರವನ್ನು ಈಗ ಕೂಗಿ ಹೇಳಬೇಕೆನಿಸಿತು. ಆದರೆ ಕೇಳಬೇಕಾದವನು ಕೆಳಗಿನ ಮಹಡಿಯಲ್ಲಿ ಇರಲಿಲ್ಲ.

ಅಳು ಮುಗಿದ ಕೂಡಲೇ ಫಿಕ್ರಿಯಾ ಮುಖ ಒರೆಸಿಕೊಂಡು, “ಅದನ್ನ ಬರೆದವನು ಎಲ್ಲಿ?” ಎಂದು ಕೇಳಿದಳು.

ಕೂಡಿಕೊಂಡ ಅಕ್ಕತಂಗಿಯರು ಎಂದರೆ ಏನು ಎಂಬುದು ಹಿಲ್ಮಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಇನಾಯತ್ ಬೈಯಲು ಮರೆತದ್ದನ್ನು ಫಿಕ್ರಿಯಾ ಜ್ಞಾಪಿಸಿದಳು, ಫಿಕ್ರಿಯಾಗೆ ಗೊತ್ತಿಲ್ಲದ ಹಳೇ ಅಪರಾಧಗಳನ್ನು ಇನಾಯತ್ ಒದಗಿಸಿದಳು. ಸೋರುವ ನಲ್ಲಿಯೂ ಬಂತು. ಕೊನೆಗೆ ಇಬ್ಬರೂ ಅವನನ್ನು ಯಂತ್ರದ ಮುಂದೆ ಕೂರಿಸಿ, ತಲಾ ಒಂದು ಕುರ್ಚಿ ಎಳೆದುಕೊಂಡು ಅಕ್ಕಪಕ್ಕ ಕೂತರು. ತಿದ್ದುಪಡಿ ನಾಳೆಯ ಪತ್ರಿಕೆಗೆ ಹೋಗಬೇಕಿತ್ತು.

“ನಮ್ಮ ಕಣ್ಣ ಮುಂದೆಯೇ ಮಾಡು,” ಎಂದಳು ಫಿಕ್ರಿಯಾ.

ಗಾಬರಿಯಲ್ಲಿ ಹಿಲ್ಮಿಯ ಬೆರಳು ಹಳೇ ದಾರಿಯನ್ನೇ ಹಿಡಿಯಿತು. ದಿವಂಗತ ಎಂಬ ಪದ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತೆಗೆ, ಎಂಟರ್. ಒತ್ತಿದ ಮೇಲೆ ಹೊಳೆಯಿತು, ಬಳಗದಲ್ಲಿ ನಿಜವಾಗಿ ಸತ್ತವರನ್ನೂ ಎಬ್ಬಿಸಿಬಿಟ್ಟಿದ್ದ. ಅವನು ಕುತ್ತಿಗೆ ಒಳಗೆಳೆದುಕೊಂಡು ಎರಡೂ ಕಡೆಯಿಂದ ಬೈಗುಳ ಕಾದ.

ಏನೂ ಬರಲಿಲ್ಲ. ಇಬ್ಬರೂ ಪರದೆಯ ಹತ್ತಿರ ಬಗ್ಗಿ ಓದುತ್ತಿದ್ದರು.

“ಅಮ್ಮ,” ಎಂದಳು ಫಿಕ್ರಿಯಾ. ತಾಯಿಯ ಹೆಸರಿನ ಹಿಂದೆ ಏನೂ ಇರಲಿಲ್ಲ. ತಂದೆಯ ಹೆಸರಿನ ಹಿಂದೆಯೂ ಇರಲಿಲ್ಲ. ಅದರ ಕೆಳಗೆ ಉಸ್ತಾದ್ ಮಹ್ರೂಸ್, ಫಿಕ್ರಿಯಾ, ಇನಾಯತ್. ಎಲ್ಲರೂ ಇದ್ದರು.

“ತಪ್ಪಾಯ್ತು. ಈಗ ಒಂದೊಂದಾಗಿ ಕೈಯಲ್ಲೇ ಹಾಕ್ತೀನಿ,” ಎಂದ ಹಿಲ್ಮಿ.

“ಸ್ವಲ್ಪ ಹೊತ್ತು ಹಾಗೇ ಇರಲಿ,” ಎಂದಳು ಇನಾಯತ್.

ಹೊರಗೆ ಯಾರೋ ಕಾಫಿ ಕೇಳುತ್ತಿದ್ದರು. ಯಾರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಫಿಕ್ರಿಯಾ, “ಹಾಕು,” ಎಂದಳು. ಹಿಲ್ಮಿ ಅಜ್ಜನಿಗೆ ಹಾಕಿದ, ಮಾವನಿಗೆ ಹಾಕಿದ, ಅತ್ತೆಗೆ ಹಾಕಿದ, ಅಲ್ಲಲ್ಲಿ ಸತ್ತ ದಾಯಾದಿಗಳಿಗೆಲ್ಲ ಹಾಕುತ್ತ ಹೋದ. ಮಹ್ರೂಸನ ಸಾಲಿಗೆ ಬಂದಾಗ ಕೈ ನಿಂತುಬಿಟ್ಟಿತು.

“ನನ್ನ ಕೈಲಾಗಲ್ಲ ಇನಾಯತ್. ನಿನ್ನೆ ಯಂತ್ರಕ್ಕೆ ಹೇಳಿ ಮಾಡಿಸಿದೆ. ನಾನಾಗಿ ನನ್ನ ಕೈಯಿಂದ ಬರೆಯೋಕೆ ಆಗಲ್ಲ.”

ಆ ಯಂತ್ರವನ್ನು ಧೂಳು ಒರೆಸುವುದಕ್ಕಲ್ಲದೆ ಎಂದೂ ಮುಟ್ಟದ ಇನಾಯತ್ ಬೆರಳು ಮುಂದೆ ಚಾಚಿದಳು. ಯಾವ ಅಕ್ಷರ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಫಿಕ್ರಿಯಾ ಕನ್ನಡಕ ಸರಿಮಾಡಿಕೊಂಡು ಹುಡುಕಿ ತೋರಿಸಿದಳು, ಇವಳು ಒತ್ತಿದಳು. ಹೀಗೆ ಒಂದೊಂದೇ ಅಕ್ಷರವಾಗಿ ಅಣ್ಣನ ಹೆಸರಿನ ಹಿಂದೆ ಆ ಪದ ಮೂಡಿತು. ಹಿಲ್ಮಿ ಎದ್ದು ಕಿಟಕಿಯ ಕಡೆ ತಿರುಗಿ ನಿಂತ.

“ಬಂತು,” ಎಂದಳು ಇನಾಯತ್.

“ಸರಿಯಾಗಿದೆ,” ಎಂದು ಫಿಕ್ರಿಯಾ ಕೆಳಗಿನ ಸಾಲುಗಳ ಮೇಲೂ ಬೆರಳಾಡಿಸುತ್ತ ಬಂದಳು. ಹಿಲ್ಮಿಯ ಹೆಸರಿನ ಮೇಲೆ ಬೆರಳು ನಿಂತಿತು. “ಕೈ ಹೇಗೂ ಕೂತಿದೆ, ಇವನದಕ್ಕೂ ಈಗಲೇ ಹಾಕಿಬಿಡೋಣವಾ? ಬಳಗದಲ್ಲಿ ಈ ಕೆಲಸ ಬರೋದು ಇವನೊಬ್ಬನಿಗೆ. ಇವನ ಸರದಿ ಬಂದಾಗ ನಾವು ಯಾರನ್ನ ಹುಡುಕೋದು?”

ಇನಾಯತಳಿಗೆ ನಗು ಬಂದುಬಿಟ್ಟಿತು. ಅಣ್ಣ ಹೋದ ಮೇಲೆ ಮೊದಲ ಸಲ ನಕ್ಕಳು, ನಗುತ್ತಲೇ ಅಳುವಿಗೆ ತಿರುಗಿದಳು, ಅಕ್ಕನ ಹೆಗಲಿಗೆ ತಲೆಯಿಟ್ಟಳು. “ಹಾಕೋದು ಬೇಡ ಅಕ್ಕಾ. ಆದ್ರೆ ಇವನು ಬದುಕಿದ್ದಾನೆ ಅಂತ ನಾಳೆ ಅಚ್ಚು ಹಾಕಿಸೋದೂ ಬೇಡ. ಇವತ್ತು ಬಂದು ಅತ್ತು ಹೋದವರು ವಾಪಸು ಬಂದು ಹೊಡೀತಾರೆ.”

ಹಾಗಾಗಿ ತಿದ್ದುಪಡಿಯಲ್ಲಿ ಸಾಬಿರ್ ಬದುಕಿ ಬಂದ, ಚಿಕ್ಕ ಮಹ್ರೂಸ್ ಬದುಕಿ ಬಂದ, ಫಿಕ್ರಿಯಾಳ ಕೆಳಗೆ ಇನಾಯತ್ ಬಂದಳು. ಹಿಲ್ಮಿಯ ವಿಷಯದಲ್ಲಿ ಪತ್ರಿಕೆ ತನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಮೂರನೇ ದಿನ ಮುಗಿದು ಅವನು ಕಚೇರಿಗೆ ಹೋದಾಗ ಬಯೂಮಿ ಅವನ ಕುರ್ಚಿಯಲ್ಲಿ ಮೌಸ್ ಹಿಡಿದು ಕೂತಿದ್ದ. ಸಂಜೆ ಮನೆಗೆ ಬಂದರೆ ಫಿಕ್ರಿಯಾ ಇನ್ನೂ ಹೊರಟಿರಲಿಲ್ಲ. ಮಂಡಿ ಇಳಿಯಲು ಒಪ್ಪುತ್ತಿಲ್ಲವಂತೆ. ಅಕ್ಕತಂಗಿಯರು ನಿಂಬೆಕಾಯಿ ಹೆಚ್ಚುತ್ತ ಉಪ್ಪಿನ ಅಳತೆಗೆ ಜಗಳವಾಡುತ್ತಿದ್ದರು. ಹಿಲ್ಮಿ ಪಗಡೆಯ ಹಲಗೆ ತೆಗೆದು ಎರಡೂ ಕಡೆಯ ಕಾಯಿ ಜೋಡಿಸಿದ. ಎದುರಿನವನ ದಾಳವನ್ನೂ ತಾನೇ ಹಾಕಿದ. ಅವತ್ತೂ ಮಹ್ರೂಸನೇ ಗೆದ್ದ.